ಕೂಗುಕಡ್ಡಿ

ಆಗಸ್ಟ್ 3, 2025

ಇವತ್ತು ಸಾರಿಗೂ ಅಂಟಿನ ವಾಸನೆ. ಅನ್ನ ಕಲಸಿದರೆ ಅದೇ, ನೀರು ಕುಡಿದರೆ ಅದೇ, ದಿಂಬಿಗೆ ಮುಖ ಇಟ್ಟರೂ ಅದೇ. ದಿನವಿಡೀ ದವಾಖಾನೆಯಲ್ಲಿ ಕೀವು, ರಕ್ತ, ಫಿನಾಯಿಲ್ ಮೂಸಿ ಬಂದ ನರ್ಸಿಗೆ ಮನೆಯಲ್ಲಾದರೂ ಒಗ್ಗರಣೆಯ ವಾಸನೆ ಸಿಗಬಾರದೇ? ಸಿಗುವುದಿಲ್ಲ. ಏಕೆಂದರೆ ನನ್ನ ಗಂಡ ಗೌತಮ ಹಿತ್ತಲಿನ ಶೆಡ್ಡಿನಲ್ಲಿ ವಿಮಾನ ಕಟ್ಟುತ್ತಿದ್ದಾರೆ.

ಬರೆಯುವಾಗಲೇ ಹೇಸಿಗೆಯಾಗುತ್ತದೆ. ಇಲ್ಲಿ ಬೈಲಹೊಂಗಲದಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಗ್ಯಾರೇಜು ಇವರದು. ಯರಗಟ್ಟಿ ರಸ್ತೆಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಒಳ್ಳೆಯ ಕೆಲಸಗಾರ ಎಂಬ ಹೆಸರಿದೆ. ಅಷ್ಟಕ್ಕೇ ನಿಂತಿದ್ದರೆ ಏನು ಕಡಿಮೆಯಾಗುತ್ತಿತ್ತು? ಉಕ್ಕಿನ ಪೈಪು ಬೆಸೆದು, ಮೇಲೆ ಬಟ್ಟೆ ಬಿಗಿದು, ಬಟ್ಟೆಗೆ ಈ ಹಾಳು ಅಂಟು ಬಳಿದು, ಇಬ್ಬರು ಕೂಡುವಂಥದ್ದೊಂದನ್ನು ವರ್ಷಗಟ್ಟಲೆ ಕಟ್ಟಿದ್ದಾರೆ. ರಜೆ ಸಿಕ್ಕಾಗೆಲ್ಲ ಊರೂರು ಅಲೆದು ಹಾರಿಸುವ ಲೈಸೆನ್ಸು ತಂದಿದ್ದಾರೆ. ಸರಕಾರದ ಪರವಾನಗಿಯೂ ಬಂದಿದೆ. ಬಂದ ದಿನ ಓಣಿಗೆಲ್ಲ ಪೇಢೆ ಹಂಚಿದರು. ನಾನು ತಿನ್ನಲಿಲ್ಲ.

ಔಷಧ ಕಂಪನಿಯವರು ಪುಕ್ಕಟೆ ಕೊಟ್ಟ ಈ ಡೈರಿಯಲ್ಲಿ ಇಷ್ಟು ದಿನ ಹಾಲಿನ ಲೆಕ್ಕವನ್ನೂ ಬರೆದಿರಲಿಲ್ಲ. ಇನ್ನು ಮೇಲೆ ಬರೆಯುತ್ತೇನೆ. ಬಾಯಿಬಿಟ್ಟು ಹೇಳಿದರೆ ಜಗಳವಾಗುತ್ತದೆ, ಜಗಳವಾದರೆ ಅತ್ತೆಗೆ ಬಿಪಿ ಏರುತ್ತದೆ, ಏರಿದ ಬಿಪಿ ಇಳಿಸುವವಳೂ ನಾನೇ.

ಆಗಸ್ಟ್ 10

ಮಹಾದೇವ ಬಂದಿದ್ದ. ಸವದತ್ತಿಯವನು, ವಾಯುಪಡೆಯಲ್ಲಿ ರೇಡಿಯೋ ರಿಪೇರಿ ಮಾಡಿ ನಿವೃತ್ತನಾದವನು, ಇವರ ಗೆಳೆಯ ಮತ್ತು ಗುರು. ಬಾಯಿ ತುಂಬ ತಂಬಾಕು. ಉಗುಳಲು ಅವನಿಗೆ ಸಿಕ್ಕಿದ್ದು ನನ್ನ ಮಲ್ಲಿಗೆಯ ಕುಂಡ. ಥೂ.

ಒಂದು ಕಿತ್ತಳೆ ಬಣ್ಣದ ಪೆಟ್ಟಿಗೆ ತಂದಿದ್ದ. ವಿಮಾನ ನೆಲಕ್ಕೆ ಬಡಿದರೆ ಅದು ತಾನಾಗಿಯೇ ಎಚ್ಚೆತ್ತು, ಇಂಥಲ್ಲಿ ಬಿದ್ದಿದೆ ಬನ್ನಿ ಎಂದು ಉಪಗ್ರಹಕ್ಕೆ ಕೂಗುತ್ತದಂತೆ. ಪೆಟ್ಟಿಗೆಗೊಂದು ಅಂಟೆನಾ. ಮೊಳದುದ್ದದ ಕರಿ ಕಡ್ಡಿ, ಅಷ್ಟೆ. ಆ ಕಡ್ಡಿಯನ್ನು ಎಲ್ಲಿ ನೆಡಬೇಕು ಎಂಬುದೇ ಚರ್ಚೆ. ನಾನು ಮಿರ್ಚಿ ಭಜಿ ಕರಿಯುತ್ತ ಎಲ್ಲ ಕೇಳಿದೆ.

"ಬೆನ್ನ ಮ್ಯಾಲ ನೆಟ್ಟಗ ನಿಲ್ಲಸಬೇಕು. ಆಕಾಶ ಕಾಣಬೇಕಪಾ ಅದಕ್ಕ" ಎಂದ ಮಹಾದೇವ.

"ಮ್ಯಾಲ ಹಾಕಿದ್ರ ಬಾರಿಗಿ ಕಡ್ಡಿ ಚುಚ್ಚಿದಂಗ ಕಾಣತೈತಿ. ಬಾಲದ ಒಳಗ ಹಾಕತೇನಿ" ಎಂದರು ಇವರು. "ಹೊರಗ ಚಾಚಿದ್ದೆಲ್ಲಾ ಮುರೀತಾವು. ಟ್ರಾಲಿ ಕಟ್ಟಾಂವ ನಾ, ನನಗ ಗೊತ್ತಿಲ್ಲೇನು?"

"ನೀ ಬಿದ್ದಾಗ ಅದು ಒಳಗಿಂದ ಒದರಿದ್ರ ಯಾರಿಗೆ ಕೇಳತೈತಿ?"

"ಬಿದ್ದಾಗ ನೋಡೂಣು. ಮಾಲಾ, ಇನ್ನೊಂದು ನಾಕು ಭಜಿ ಹಾಕ."

ಬಿದ್ದಾಗ ನೋಡೂಣು! ಗಂಡ ಆಕಾಶದಿಂದ ಬೀಳುವ ವಿಷಯವನ್ನು ಇವರಿಬ್ಬರೂ ಬೀಗರ ಮದುವೆಯ ಊಟದ ಹಾಗೆ ಮಾತಾಡುತ್ತಾರೆ. ಭಜಿಗೆ ಉಪ್ಪು ಜಾಸ್ತಿ ಹಾಕಿದೆ. ಇಬ್ಬರೂ ಚಪ್ಪರಿಸಿಕೊಂಡು ತಿಂದರು.

ಆಗಸ್ಟ್ 17

ಅತ್ತೆ ಕೃಷ್ಣವ್ವನಿಗೆ ಪೆಟ್ಟಿಗೆಯ ವಿಷಯ ತಿಳಿದಿದೆ. ಬೆಳಿಗ್ಗೆ ಬುದ್ಧವಂದನೆ ಮುಗಿಸಿ ಎದ್ದವರೇ ನೇರ ಶೆಡ್ಡಿಗೆ ಹೋದರು.

"ಹಾರೂಕಿಂತ ಮೊದಲ ಬೀಳೂ ಸಾಮಾನ ಯಾಕೋ? ತೊಟ್ಟಲಾ ಕಟ್ಟೂ ಮುಂದ ಯಾರರೆ ಹೆಣದ ಕುಣಿ ಮಾತ ಆಡತಾರೇನು? ಆ ಕೂಗುಕಡ್ಡಿ ನನ್ನ ಕಣ್ಣಿಗೆ ಬೀಳಬಾರದು ನೋಡು."

ಕೂಗುಕಡ್ಡಿ. ಹೆಸರು ಇಡುವುದರಲ್ಲಿ ಅತ್ತೆಯನ್ನು ಮೀರಿಸುವವರಿಲ್ಲ. ಇವರಿಗೆ ಒಳಗೊಳಗೇ ಖುಷಿ. ಬಾಲದೊಳಗೆ ಬಚ್ಚಿಟ್ಟರೆ ತಾಯಿಯ ಮಾತು ನಡೆಸಿದಂತೆಯೂ ಆಯಿತು, ವಿಮಾನದ ಚೆಂದ ಉಳಿದಂತೆಯೂ ಆಯಿತು.

ಎಲ್ಲಿಗಾದರೂ ಹಾಕಿಕೊಳ್ಳಲಿ. ನನಗೇನು.

ಆಗಸ್ಟ್ 24

ದವಾಖಾನೆಯಲ್ಲಿ ಹೊಸ ಡಾಕ್ಟರು ಕೇಳಿದರು: "ಸಿಸ್ಟರ್, ನೀವ ಅಲ್ರಿ ವಿಮಾನದವರು?" ಅಲ್ಲ ಎಂದೆ.

ಸೆಪ್ಟೆಂಬರ್ 6

ಕೈ ಎಷ್ಟು ಸಲ ತೊಳೆದರೂ ಸಮಾಧಾನವಿಲ್ಲ.

ಬೆಳಿಗ್ಗೆ ಲಕ್ಷ್ಮಣ ಎಂಬವನನ್ನು ತಂದರು. ರಾಮದುರ್ಗದ ಕಡೆಯವನು. ಉಳ್ಳಾಗಡ್ಡಿ ಇಳಿಸಿ ಊರಿಗೆ ಮರಳುವಾಗ ಪಿಕಪ್ ಗಾಡಿ ರಸ್ತೆ ಬಿಟ್ಟು ಗೋವಿನಜೋಳದ ಹೊಲಕ್ಕೆ ನುಗ್ಗಿ ಪಲ್ಟಿಯಾಗಿದೆ. ಆಳೆತ್ತರದ ಬೆಳೆ ಮತ್ತೆ ಎದ್ದು ನಿಂತು ಗಾಡಿಯನ್ನು ಮುಚ್ಚಿಬಿಟ್ಟಿದೆ. ಇರುಳೆಲ್ಲ ಅಲ್ಲೇ ಬಿದ್ದಿದ್ದ. ಮುಂಜಾನೆ ಮೇವು ಕೊಯ್ಯಲು ಬಂದವರು ನೋಡಿದ್ದಾರೆ.

ತಲೆಗೆ ಏಟಿಲ್ಲ, ಎದೆಗೆ ಏಟಿಲ್ಲ. ತೊಡೆಯಲ್ಲಿ ಒಂದು ಗಾಯ, ಅಲ್ಲಿಂದ ರಕ್ತ ಹೋಗುತ್ತಲೇ ಇತ್ತು. ಯಾರಾದರೂ ಒಬ್ಬರು ಬಂದು ಟವೆಲ್ ಬಿಗಿದು ಕಟ್ಟಿದ್ದರೆ ಸಾಕಾಗಿತ್ತು. ಗಂಟಲು ಪೂರ್ತಿ ಒಡೆದಿತ್ತು. ಕಿವಿ ಹತ್ತಿರ ಒಯ್ದರೆ ಮಾತ್ರ ಕೇಳಿಸುತ್ತಿತ್ತು.

"ಒದರಿ ಒದರಿ ಸಾಕಾತ್ರಿ ಬಾಯಾರ. ಗಾಡಿ ಹೊಂಟಿದ್ದು ನನಗ ಕೇಳತಿದ್ದೂರಿ. ನಂದು ಅವರಿಗೆ ಕೇಳಲಿಲ್ರಿ."

ರಕ್ತದ ಬಾಟಲಿ ಬರುವಷ್ಟರಲ್ಲಿ ಹೋದ. ಬಾಗಿಲಲ್ಲಿ ನಾಲ್ಕು ಜನ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದರು. ಅವರಲ್ಲೊಬ್ಬ ನನಗೇ ಪಲ್ಟಿಯಾದ ಗಾಡಿಯ ಫೋಟೋ ತೋರಿಸಲು ಬಂದ, ತಿಂಡಿ ತೋರಿಸುವವನ ಹಾಗೆ. ಆದರೂ ನೋಡಿದೆ. ಗಾಡಿ ಮುಂದಿನ ಕ್ಯಾಬಿನ್ ಮತ್ತು ಹಿಂದಿನ ಕಬ್ಬಿಣದ ಚೌಕಟ್ಟಿನ ಮೇಲೆ ತಲೆಕೆಳಗಾಗಿ ನಿಂತಿತ್ತು. ಎರಡರ ನಡುವೆ ಜಾಗ ಖಾಲಿ. ಅಲ್ಲಿ ಕಟ್ಟಿದ್ದ ನೀರಿನ ಕ್ಯಾನು ಸೀಳಿರಲೂ ಇಲ್ಲ.

ಅವನು ಬಿದ್ದು ಸಾಯಲಿಲ್ಲ. ಯಾರಿಗೂ ಸಿಗದೆ ಸತ್ತ. ಈ ಊರು, ಈ ರಸ್ತೆ, ಈ ಮೊಬೈಲುಗಳು, ಎಲ್ಲದರ ಮೇಲೂ ಹೇಸಿಗೆ ಬಂದಿದೆ.

ಸೆಪ್ಟೆಂಬರ್ 7

ಮಧ್ಯಾಹ್ನ ಶೆಡ್ಡಿಗೆ ಹೋದೆ. ಅದರೊಳಗೆ ಕಾಲಿಟ್ಟು ಬಹಳ ದಿನವಾಗಿತ್ತು. ನೆಲದ ತುಂಬ ಕಬ್ಬಿಣದ ಚೂರು, ಚಹಾದ ಕಪ್ಪಿನಲ್ಲಿ ನೊಣ. ಇವರು ಬಾಲದೊಳಗೆ ತಲೆ ತೂರಿಸಿ ಮಲಗಿದ್ದರು.

"ಅದನ್ನ ಎಲ್ಲಿ ಹಾಕಾಕತ್ತೀರಿ?"

"ಯಾವುದನ್ನ?"

"ಕೂಗುಕಡ್ಡಿ."

ತಲೆ ಹೊರಗೆ ತೆಗೆದು, ಮನೆ ತಪ್ಪಿ ಬಂದವಳನ್ನು ನೋಡುವ ಹಾಗೆ ನೋಡಿದರು. "ಇಲ್ಲೇ ಒಳಗ. ಮಹಾದೇವಗ ಹೇಳಬ್ಯಾಡ. ಬೋಲ್ಟಿಗೆ ತೂತು ಹಾಕಿಬಿಟ್ಟೀನಿ."

"ಸುತ್ತಲೂ ಉಕ್ಕಿನ ಪೈಪ ಅದಾವಲ್ರಿ. ಅದರ ದನಿ ಹೊರಗ ಹೊಂಡತೈತೇನು?"

"ಸ್ವಲ್ಪ ಕಮ್ಮಿ ಆಗಬಹುದು. ಆದ್ರ ಮ್ಯಾಲ ಇಟ್ರ, ಪಲ್ಟಿ ಆದಾಗ ಮೊದಲ ಅದ ಮುರೀತೈತಿ. ಮುರದ ಕಡ್ಡಿ ಏನ್ ಕೂಗತೈತಿ?"

ಮಾತು ಸುಳ್ಳಲ್ಲ. ಅದೇ ಸಿಟ್ಟು ತರಿಸಿತು. ಗೋಡೆಯ ಮೊಳೆಗೆ ಇವರು ಮೊದಲು ಮಾಡಿದ ಥರ್ಮಾಕೋಲಿನ ಮಾದರಿ ನೇತಾಡುತ್ತಿತ್ತು. ಇಳಿಸಿ, ಧೂಳು ಊದಿ, ಮೇಜಿನ ಮೇಲೆ ಬೋರಲು ಹಾಕಿದೆ. ನಿನ್ನೆಯ ಪಿಕಪ್ಪಿನಂತೆಯೇ ನಿಂತಿತು. ಇದರ ರೆಕ್ಕೆ ಕೂಡುವವರ ತಲೆಯ ಮೇಲಿದೆ, ಹಿಂದೆ ಬಾಲ ಎತ್ತರಕ್ಕೆ ಎದ್ದಿದೆ. ಬೋರಲು ಬಿದ್ದರೆ ಎರಡು ಕಡೆ ಅವೇ ಊರಿಕೊಳ್ಳುತ್ತವೆ. ನಡುವಿನ ಬೆನ್ನು ನೆಲಕ್ಕೆ ತಾಗುವುದಿಲ್ಲ. ಆ ಸಂದಿಯಲ್ಲಿ ಬೆರಳು ತೂರಿಸಿ ತೋರಿಸಿದೆ.

"ಇಲ್ಲಿ ಹಾಕ್ರಿ. ರೆಕ್ಕಿ ಹಿಂದ, ಬೆನ್ನ ಮ್ಯಾಲ. ಆಕಾಶಾನೂ ಕಾಣತೈತಿ, ನೆಲಕ್ಕೂ ಬಡಿಯೂದಿಲ್ಲ."

ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಮಹಾದೇವನಿಗೆ ಫೋನ್ ಹಚ್ಚಿದರು. ಅವನು ಅತ್ತಲಿಂದ "ನಾ ಹೇಳಿದ್ದೂ ಅದ ಅಲ್ಲೇನಪಾ" ಎಂದ. ನಾಚಿಕೆ ಇಲ್ಲದವನು. ಬಟ್ಟೆಯ ಮೇಲೆ ಕಡ್ಡಿ ನೆಟ್ಟರೆ ದನಿ ಸರಿಯಾಗಿ ಹರಡುವುದಿಲ್ಲ, ಬುಡಕ್ಕೆ ಅಗಲ ಲೋಹದ ತಗಡು ಹಾಕಬೇಕು, ಪೆಟ್ಟಿಗೆ ಅದರ ಕೆಳಗೇ ಇರಬೇಕು, ವೈರು ಉದ್ದವಿದ್ದಷ್ಟೂ ಕಿತ್ತುಹೋಗುವ ಭಯ ಎಂದೂ ಹೇಳಿದ.

ಕಪ್ಪಿನ ನೊಣ ಚೆಲ್ಲಿ, ಕಪ್ಪು ತೊಳೆದಿಟ್ಟು ಬಂದೆ.

ಸೆಪ್ಟೆಂಬರ್ 19

ಕಡ್ಡಿ ಹಾಕಿಯಾಯಿತು, ಬಂದು ನೋಡು ಎಂದರು. ಹೋದರೆ ಬೆನ್ನ ಮೇಲೆ ಕೋಳಿಗೂಡು.

ಇವರ ಗ್ಯಾರೇಜಿನ ಟ್ರಾಲಿಗೊಂದು ಗುರುತಿದೆ. ಹಿಂದಿನ ದೀಪದ ಮೇಲೆ ಕಬ್ಬಿಣದ ಜಾಳಿಗೆ. ಕಬ್ಬಿನ ಸೀಜನ್ನಿನಲ್ಲಿ ಗಳ ಬಡಿದು ದೀಪ ಒಡೆಯುತ್ತವೆಂದು, ಜಾಳಿಗೆ ಬೆಸೆಯದೆ ಒಂದು ಟ್ರಾಲಿಯನ್ನೂ ಇವರು ಹೊರಗೆ ಬಿಟ್ಟವರಲ್ಲ. ಆ ಚಾಳಿ ವಿಮಾನಕ್ಕೂ ಬಂದಿದೆ. ವೆಲ್ಡರ್ ಹಣಮಂತಪ್ಪ ಸರಳು ಬಗ್ಗಿಸಿ, ಕಡ್ಡಿಯ ಸುತ್ತ ಮೇಲಿಂದ ಕೆಳಗಿನವರೆಗೆ ಜಾಳಿಗೆ ಹೆಣೆದು, ಬೆಳ್ಳಿಬಣ್ಣ ಹಚ್ಚಿ, ನಾಲ್ಕು ಬೋಲ್ಟು ಬಿಗಿದಿದ್ದಾನೆ. ಮೇಲೊಂದು ಹಳದಿ ಹೂವಿನ ಚಿತ್ರ ಬೇರೆ.

"ಇನ್ನ ಆನಿ ತುಳದ್ರೂ ಮುರಿಯೂದಿಲ್ರಿ ವೈನಿ" ಎಂದ.

ಅತ್ತೆಗೂ ಇಷ್ಟವಾಗಿದೆ. ಕೂಗುಕಡ್ಡಿ ಕಾಣುವುದಿಲ್ಲವಲ್ಲ! ಇವರು ಜಾಳಿಗೆಯನ್ನು ಸವರಿ ಸವರಿ ನೋಡುತ್ತಿದ್ದರು. ಅಷ್ಟು ಅಸಹ್ಯವಾದ ಹಳದಿ ಹೂ ಎಲ್ಲೂ ನೋಡಿಲ್ಲ.

ಸೆಪ್ಟೆಂಬರ್ 21

ಇವತ್ತು ಆದದ್ದನ್ನು ಸಾವಕಾಶ ಬರೆಯಬೇಕು.

ಮಹಾದೇವ ಪರೀಕ್ಷೆಗೆ ಬಂದ. ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋ ತಂದಿದ್ದ. ಪೆಟ್ಟಿಗೆ ಕೂಗಿದರೆ ಇದರಲ್ಲಿ ಕೇಳಬೇಕು. ಪರೀಕ್ಷೆಯನ್ನು ಗಂಟೆ ಹೊಡೆದ ಮೊದಲ ಐದು ನಿಮಿಷದೊಳಗೇ ಮುಗಿಸಬೇಕಂತೆ, ಇಲ್ಲದಿದ್ದರೆ ನಿಜವಾಗಿಯೂ ಯಾರೋ ಬಿದ್ದಿದ್ದಾರೆಂದು ಹುಡುಕುವವರು ಎಚ್ಚರಾಗುತ್ತಾರಂತೆ. ಹನ್ನೊಂದು ಹೊಡೆಯಿತು. ಇವರು ಒಳಗೆ ಕೂತು ಗುಂಡಿ ಒತ್ತಿದರು. ಮಹಾದೇವ ರಸ್ತೆಯ ಗೇಟಿನ ಹತ್ತಿರ ನಿಂತ. ರೇಡಿಯೋದಲ್ಲಿ ಬರೀ ಗೊರಗೊರ.

"ಜಾಳಗಿಯೊಳಗ ಸಿಕ್ಕೊಂಡೈತಿ ದನಿ. ಕಬ್ಬಿಣದ ಪಂಜರದಾಗ ಇಟ್ರ ಮತ್ತೇನಾಗತೈತಿ?" ಎಂದ.

"ನಿನ್ನ ಸೆಲ್ ಹೋಗ್ಯಾವು" ಎಂದರು ಇವರು.

"ಹೊಸಾ ಸೆಲ್ಲು."

"ಹಂಗಾರ ರೇಡಿಯೋ ಕೆಟ್ಟೈತಿ."

ಗಂಡಸರ ವಾದ. ಐದು ನಿಮಿಷ ಮುಗಿದುಹೋದವು. ಮುಂದಿನ ಗಂಟೆಗೆ ಮಹಾದೇವನ ಕೈಯಿಂದ ರೇಡಿಯೋ ಕಿತ್ತುಕೊಂಡು ಗೇಟಿಗೆ ನಾನೇ ಹೋದೆ. ತಂಬಾಕಿನ ಕೈಯಿಂದ ಹಿಡಿದದ್ದು, ಸೆರಗಿನಿಂದ ಒರೆಸಿಕೊಂಡೆ. "ಹಣಮಂತಪ್ಪ, ಜಾಳಗಿ ಬಿಚ್ಚು" ಎಂದೆ. ಅವನು ಯಜಮಾನರ ಮುಖ ನೋಡಿದ. "ಅವರ ಮಾರಿ ಏನ್ ನೋಡತಿ? ಬಿಚ್ಚು."

ಬಿಚ್ಚಿದ. ಇವರು ಒತ್ತಿದರು. ನನ್ನ ಕೈಯಲ್ಲಿ ಅದು ಕೂಗಿತು. ಮೇಲಿಂದ ಕೆಳಕ್ಕೆ ಜಾರುವ ದನಿ, ಮತ್ತೆ ಮೇಲಿಂದ, ಮತ್ತೆ ಕೆಳಕ್ಕೆ. ಎಂಥ ವಿಕಾರ ದನಿ! ರೇಡಿಯೋ ಎಸೆದುಬಿಡಬೇಕು ಅನ್ನಿಸಿತು, ಎಸೆಯಲಿಲ್ಲ.

ಆಮೇಲೂ ಇವರು ಜಾಳಿಗೆ ಬಿಡಲೊಲ್ಲರು. ಸ್ವಲ್ಪ ಅಗಲ ಮಾಡಿ ಹೆಣೆಯೋಣ, ಸಣ್ಣ ದನಿಯಾದರೂ ಸಾಕು, ಕಡ್ಡಿ ಉಳಿಯುವುದು ಮುಖ್ಯ ಎಂದರು. ನನಗೆ ತಡೆಯಲಾಗಲಿಲ್ಲ. ಮಹಾದೇವ, ಹಣಮಂತಪ್ಪ, ಬಾಗಿಲಲ್ಲಿ ಅತ್ತೆ, ಎಲ್ಲರೆದುರು ಒದರಿಬಿಟ್ಟೆ.

"ಕಡ್ಡಿ ಉಳೀಬೇಕೋ ನೀವ್ ಉಳೀಬೇಕೋ? ಗೋವಿನಜೋಳದಾಗ ಬಿದ್ದಾಂವ ಇರುಳೆಲ್ಲಾ ಒದರಿದ್ನಂತ್ರಿ. ಸಣ್ಣ ದನೀಲೇ ಒದರಿದ್ನಂತ. ಮುಂಜಾನೆ ನನ್ನ ಕೈಯಾಗ ಸತ್ತ. ನಿಮ್ಮನ್ನ ಹಂಗ ತಂದು ನನ್ನ ಮುಂದ ಮಲಗಿಸಿದ್ರ ನಾ ಏನ್ ಮಾಡ್ಲಿ?"

ಇವರು ಜಾಳಿಗೆಯನ್ನು ಎತ್ತಿ ಗುಜರಿಯ ರಾಶಿಗೆ ಹಾಕಿದರು. ಅತ್ತೆ ಕಡ್ಡಿಯ ಹತ್ತಿರ ಬಂದು, ಸೆರಗಿನ ತುದಿಯಿಂದ ಅದರ ಧೂಳು ಒರೆಸಿ, ಒಳಗೆ ಹೋದರು.

ಅಂಜಿಕೆ ನನ್ನದು. ಬರೆದೇಬಿಡುತ್ತೇನೆ. ಇವರು ಸತ್ತರೆ ಎಂಬ ಅಂಜಿಕೆಗಿಂತ ದೊಡ್ಡದೊಂದಿದೆ. ಇವರು ಬದುಕಿದ್ದು ಎಲ್ಲೋ ಬಿದ್ದು ಕೂಗುತ್ತಿರುವಾಗ, ಏನೂ ಗೊತ್ತಿಲ್ಲದೆ ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೆ? ಅದನ್ನು ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಅಕ್ಟೋಬರ್ 5

ಕಡ್ಡಿಗಾಗಿ ಕತ್ತರಿಸಿದ ಬಟ್ಟೆಯನ್ನು ಹಣಮಂತಪ್ಪ ಹೊಲಿದಿದ್ದಾನೆ. ಹೊಲಿಗೆಯೋ ಅದು! ಗೋಣಿಚೀಲ ಹೊಲಿದ ಹಾಗೆ ಒಂದು ಇಲ್ಲಿ, ಒಂದು ಅಲ್ಲಿ. ನೋಡಿ ಸಹಿಸಲಾಗಲಿಲ್ಲ. ಎಲ್ಲ ಬಿಚ್ಚಿಸಿ ನಾನೇ ಹೊಲಿದೆ. ಗಾಯ ಹೊಲಿಯುವ ಬಾಗಿದ ಸೂಜಿ ಹಿಡಿಯುವುದು ನನಗೇನು ಹೊಸದೇ? ಪ್ರತಿ ಹೊಲಿಗೆಗೂ ಗಂಟು. ಇವರು ಟಾರ್ಚ್ ಹಿಡಿದು ನಿಂತಿದ್ದರು. ರೆಕ್ಕೆಯಲ್ಲೂ ಎರಡು ಕಡೆ ಅವನದೇ ಹೊಲಿಗೆ ಇತ್ತು, ಅವನ್ನೂ ಬಿಚ್ಚಿದೆ.

ಆ ಅಂಟನ್ನು ಬ್ರಷ್ಷಿನಿಂದ ಬಳಿಯುವಾಗ ಗಾಳಿಗೆ ಬೆನ್ನು ಕೊಟ್ಟು ನಿಂತರೆ ವಾಸನೆ ಅಷ್ಟಾಗಿ ಬಡಿಯುವುದಿಲ್ಲ. ಇಷ್ಟು ವರ್ಷ ಇವರಿಗೆ ಇದು ತಿಳಿದಿರಲಿಲ್ಲ.

ಅಕ್ಟೋಬರ್ 26

ಮಹಾದೇವನಿಗೆ ಉಗುಳಲು ಒಂದು ಹಳೆಯ ಡಬ್ಬಿ ಕೊಟ್ಟೆ. ಮಲ್ಲಿಗೆ ಸತ್ತಿದೆ.

ನವೆಂಬರ್ 16

ಸವದತ್ತಿಯ ಆಚೆ ಬಯಲಿನಲ್ಲಿ ಒಬ್ಬ ಸಕ್ಕರೆ ವ್ಯಾಪಾರಿ ತನಗಾಗಿ ಮಾಡಿಸಿಕೊಂಡ ರನ್‌ವೇ ಇದೆ. ರೆಕ್ಕೆ ಬಿಚ್ಚಿ, ಇವರದೇ ಟ್ರಾಲಿಯಲ್ಲಿ ಹೇರಿಕೊಂಡು ಹೋಗಿ, ಅಲ್ಲಿ ಜೋಡಿಸಿದರು. ದಾರಿಯುದ್ದಕ್ಕೂ ಜನ ಬೈಕು ನಿಲ್ಲಿಸಿ ಫೋಟೋ ತೆಗೆದುಕೊಂಡರು. ಒಬ್ಬ ರೆಕ್ಕೆಯನ್ನು ಬೆರಳಿಂದ ಒತ್ತಿ ನೋಡಿದ. ಕೈ ಮೇಲೆ ಹೊಡೆದೆ.

ಇವರು ಒಬ್ಬರೇ ಹತ್ತಿದರು. ಹಾರಿತು. ಎರಡು ಸುತ್ತು ಹಾಕಿತು. ಇಳಿಯಿತು. ಮಹಾದೇವ ಅಳುತ್ತಿದ್ದ, ಹಣಮಂತಪ್ಪ ಕುಣಿಯುತ್ತಿದ್ದ. ನಾನು ರನ್‌ವೇ ಬದಿಯಲ್ಲಿ ಕೂತು ವಾಂತಿ ಮಾಡಿಕೊಂಡೆ. ಅಷ್ಟು ಹೊತ್ತೂ ರೇಡಿಯೋ ಕಿವಿಗೆ ಒತ್ತಿಕೊಂಡಿದ್ದಕ್ಕೆ ಕಿವಿ ಕೆಂಪಾಗಿದೆ. ಅದು ಏನೂ ಕೂಗಲಿಲ್ಲ, ನನಗೆ ಮಾತ್ರ ಪ್ರತಿ ಕ್ಷಣವೂ ಕೂಗಿದಂತೆ ಕೇಳುತ್ತಿತ್ತು.

ನೆಲದ ಮೇಲೆ ನಿಂತು ನೋಡುವಂಥ ಅಸಹ್ಯ ಕೆಲಸ ಇನ್ನೊಂದಿಲ್ಲ.

ನವೆಂಬರ್ 30

ಪ್ರತಿ ಭಾನುವಾರ ಹಾರಿಸುತ್ತಿದ್ದಾರೆ. ಈಗ ಪಕ್ಕದ ಸೀಟಿನಲ್ಲಿ ಮರಳಿನ ಚೀಲ ಕೂಡಿಸಿಕೊಂಡು ಹೋಗುತ್ತಾರೆ. ಇಬ್ಬರ ಭಾರಕ್ಕೆ ಹೇಗೆ ನಡೆಯುತ್ತದೆ ಎಂದು ತಿಳಿಯಲಂತೆ. ಚೀಲಕ್ಕೆ ಬೆಲ್ಟು ಬೇರೆ ಕಟ್ಟುತ್ತಾರೆ. ಎಷ್ಟು ತೂಕ ತುಂಬಿಸಿದ್ದೀರಿ ಎಂದು ಕೇಳಿದೆ.

"ಅದು... ಸುಮಾರು ನಿನ್ನಷ್ಟ" ಎಂದರು, ಬೇರೆ ಕಡೆ ನೋಡುತ್ತ.

ನಾನು ಅಷ್ಟು ದಪ್ಪಗಿಲ್ಲ. ಹಾಗೆಂದು ಹೇಳಿ, ಅರ್ಧ ಬುಟ್ಟಿ ಮರಳು ತೆಗೆಸಿದೆ. ಸೀಟಿನ ರೆಕ್ಸಿನ್ನು ಹೊಲಸು ನಾರುತ್ತದೆ. ಸೋಪಿನ ನೀರಿನಿಂದ ಒರೆಸಿದೆ.

ಡಿಸೆಂಬರ್ 12

ಪರೀಕ್ಷೆಯ ಹಾರಾಟವೆಲ್ಲ ಮುಗಿದು, ಇನ್ನು ಇಬ್ಬರು ಕೂಡಬಹುದು ಎಂದು ಮೇಲಿನವರು ಒಪ್ಪಿದ್ದಾರೆ. ನಾಡಿದ್ದು ಭಾನುವಾರ ರಾಮದುರ್ಗದ ಗುಡ್ಡಗಳ ಮೇಲೆ ಒಂದು ಸುತ್ತು ಹೋಗಿ ಬರುವುದಿದೆ.

ಸಂಜೆ ಮಹಾದೇವ ಫೋನ್ ಮಾಡಿದ. ಮಗಳ ಊರಿಗೆ ಹೋಗುತ್ತಿದ್ದಾನಂತೆ, ನಾಲ್ಕು ತಿಂಗಳು ಈ ಕಡೆ ಬರುವುದಿಲ್ಲವಂತೆ. ಬಾಯಲ್ಲಿ ತಂಬಾಕು ಇದ್ದೇ ಇತ್ತು, ಫೋನಿನಲ್ಲೂ ಗೊತ್ತಾಗುತ್ತದೆ.

"ವೈನಿ, ಒಂದು ಕೆಲಸ ಉಳದೈತ್ರಿ. ಕೂಗುಕಡ್ಡಿ ಕೂಗಿದ್ರ ಉಪಗ್ರಹದವರು ಮೊದಲ ಯಾರಿಗರೆ ಒಬ್ಬರಿಗೆ ಫೋನ್ ಮಾಡತಾರ. ಇಲ್ಲೀತನಕಾ ನನ್ನ ನಂಬರ್ ಕೊಟ್ಟಿದ್ವಿ. ಇನ್ನ ನಿಮ್ಮದು ಹಾಕಸತೇನಿ. ಹೇಳ್ರಿ."

"ನಂದು ಬ್ಯಾಡ್ರಿ. ಯರಗಟ್ಟ್ಯಾಗ ಅವರ ತಂಗಿ ರೇಣು ಅದಾಳಲ್ಲ, ಬೀಜದ ಅಂಗಡಿಯಾಕಿ, ಆಕೀದು ಹಾಕ್ರಿ. ಆಕಿ ಯಾವಾಗೂ ಫೋನ್ ಎತ್ತತಾಳ."

"ಹೆಂಡತಿ ಇರಲಾಗಿ ತಂಗೀದ್ಯಾಕ್ರಿ? ನಿಮಗ ಅಲ್ಲೇನ್ರಿ ಮೊದಲ ಗೊತ್ತಾಗಬೇಕು?"

"ನನಗ ಯಾಕ್ರಿ ಫೋನ್ ಮಾಡತಾರ? ನಾ ಅಲ್ಲೇ ಅವರ ಬಾಜೂಕ ಕುಂತಿರತೇನಲ್ಲ."

ಅತ್ತಲಿಂದ ತಂಬಾಕು ಜಗಿಯುವ ಸದ್ದು ನಿಂತಿತು. ಈ ಮನುಷ್ಯನಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕು, ಸಾಕಾಗಿಹೋಗಿದೆ. ರೇಣುವಿನ ನಂಬರನ್ನು ಎರಡು ಸಲ ಓದಿ ಹೇಳಿ ಫೋನ್ ಇಟ್ಟೆ.